ಪದಕಕ್ಕೂ ಮೊದಲು ಒಂದು ಕಾಗದ

ಇಲ್ಲಿಗೆ ಬರುವಾಗ ಹಲಸೂರು ಕೆರೆಯ ಪಕ್ಕದಲ್ಲಿ ಹಾದು ಬಂದೆ. ಸೇನೆಯ ಎಂಜಿನಿಯರ್ ದಳದ ಕೇಂದ್ರವಾದ ಎಂಇಜಿ ಕಡೆಯಿಂದ ಹುಡುಗರ ಗುಂಪೊಂದು ಓಡಿಕೊಂಡು ಬರುತ್ತಿತ್ತು. ಮದ್ರಾಸ್ ಸ್ಯಾಪರ್ಸ್ ಹುಡುಗರು, ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಸೇನೆಯಲ್ಲಿ ಇರುವಷ್ಟು ಕಾಲ ಇವರು ಸೇತುವೆ ಕಟ್ಟುತ್ತಾರೆ, ಮೈನ್ ತೆಗೆಯುತ್ತಾರೆ, ನೆರೆ ಬಂದಾಗ ದೋಣಿ ನಡೆಸುತ್ತಾರೆ. ಅದರಲ್ಲಿ ಯಾವ ಕೆಲಸ ದೇಶದ ಕಿವಿಗೆ ಬೀಳುತ್ತದೆ, ಯಾವುದು ಆ ಪೋಸ್ಟಿನಲ್ಲೇ ಮಣ್ಣಾಗುತ್ತದೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇಷ್ಟೇ.

ನಾನು ಸೇನೆಯಲ್ಲಿ 26 ವರ್ಷ ಇದ್ದೆ. ಕ್ಲರ್ಕ್ ಆಗಿ ಸೇರಿದೆ, ಸುಬೇದಾರ್ ಆಗಿ ಹೊರಗೆ ಬಂದೆ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಪದಕಕ್ಕೆ ಶಿಫಾರಸು ಮಾಡುವ ಕಾಗದವನ್ನು ನಾವು ಸೈಟೇಶನ್ ಅನ್ನುತ್ತೇವೆ. ಎಷ್ಟು ಸೈಟೇಶನ್ ನನ್ನ ಕೈ ದಾಟಿ ಹೋದವೋ ಲೆಕ್ಕ ಇಟ್ಟಿಲ್ಲ. ಎದೆಯ ಮೇಲೆ ಹೊಳೆಯುವ ಪದಕ ನೀವು ನೋಡಿದ್ದೀರಿ. ಅದಕ್ಕೂ ಮೊದಲು ಒಂದು ಕಾಗದ ಇರುತ್ತದೆ. ನನಗೆ ಗೊತ್ತಿರುವುದು ಆ ಕಾಗದದ ಕಥೆ.

ಒಬ್ಬ ಜವಾನ ಒಂದು ದೊಡ್ಡ ಕೆಲಸ ಮಾಡಿದ ಅಂತ ಇಟ್ಟುಕೊಳ್ಳಿ. ಅವನ ಅಧಿಕಾರಿ ಅದನ್ನು ಬರೆಯಬೇಕು. ಕಣ್ಣಾರೆ ಕಂಡವರ ಹೇಳಿಕೆ ಜೊತೆಗಿರಬೇಕು. ಯೂನಿಟ್‌ನ ಮುಖ್ಯಸ್ಥರು, ಅಂದರೆ ಸಿ.ಓ., ಸಹಿ ಹಾಕಬೇಕು. ಅಲ್ಲಿಂದ ಬ್ರಿಗೇಡ್, ಡಿವಿಜನ್, ಕೋರ್, ಕಮಾಂಡ್. ಆಮೇಲೆ ದೆಹಲಿಯಲ್ಲಿ ಮಿಲಿಟರಿ ಸೆಕ್ರೆಟರಿ ಬ್ರಾಂಚ್, ಅಲ್ಲೊಂದು ಸಮಿತಿ. ಅದೂ ದಾಟಿದರೆ ರಕ್ಷಣಾ ಸಚಿವಾಲಯದ ಸಮಿತಿ, ಕೊನೆಗೆ ರಾಷ್ಟ್ರಪತಿಗಳ ಒಪ್ಪಿಗೆ. ವರ್ಷಕ್ಕೆ ಎರಡು ಸಲ, ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿಗೆ ಪಟ್ಟಿ ಹೊರಬೀಳುತ್ತದೆ. ಕಾಗದ ಇಷ್ಟೊಂದು ಮೇಜು ದಾಟುತ್ತದೆ. ಮೊದಲ ಮೇಜು ಬಿಟ್ಟರೆ ಉಳಿದ ಯಾವ ಮೇಜಿನವರೂ ಆ ಜವಾನನ ಮುಖ ನೋಡಿರುವುದಿಲ್ಲ. ಅವರ ಕೈಯಲ್ಲಿ ಇರುವುದು ಒಂದು ಪುಟ. ಆ ಪುಟದಲ್ಲಿ ಏನಿದೆಯೋ ಅಷ್ಟೇ ಆ ಮನುಷ್ಯ.

ಇದರಿಂದ ಏನಾಗುತ್ತದೆ ಅಂತ ನನ್ನ ಕಣ್ಣೆದುರಿಗೇ ನಡೆದದ್ದು ಹೇಳುತ್ತೇನೆ. ಒಂದು ಮಳೆಗಾಲ ನಮ್ಮನ್ನು ನೆರೆ ಕೆಲಸಕ್ಕೆ ಕಳಿಸಿದ್ದರು. ಒಂದೇ ರಾತ್ರಿ, ಒಂದೇ ನದಿ. ಎರಡು ಬೇರೆ ಬೇರೆ ಕಂಪನಿಯ ಇಬ್ಬರು ಹುಡುಗರು, ಒಬ್ಬೊಬ್ಬರೂ ಒಂದೊಂದು ದೋಣಿ ನಡೆಸಿ ಛಾವಣಿ ಮೇಲೆ ಕೂತಿದ್ದ ಜನರನ್ನು ಕರೆತಂದರು. ಇಬ್ಬರೂ ಬೆಳಗಿನವರೆಗೆ ನೀರಲ್ಲೇ ಇದ್ದರು. ಒಬ್ಬನ ಅಧಿಕಾರಿ ಎರಡು ದಿನ ಕೂತು ಬರೆದರು. ಎಷ್ಟು ಗಂಟೆಗೆ ಹೊರಟ, ಎಷ್ಟು ಸಲ ಹೋಗಿ ಬಂದ, ಎಲ್ಲಿ ಹಗ್ಗ ತುಂಡಾಯಿತು, ನೀರಿಗಿಳಿದು ದೋಣಿಯನ್ನು ಹೇಗೆ ಎಳೆದ, ಎಷ್ಟು ಮಕ್ಕಳು, ಎಷ್ಟು ಮುದುಕರು. ಓದಿದರೆ ನೀರಿನ ಸದ್ದು ಕೇಳಿಸುತ್ತಿತ್ತು. ಇನ್ನೊಬ್ಬನ ಅಧಿಕಾರಿಗೆ ಬೇರೆ ಕಡೆ ಪೋಸ್ಟಿಂಗ್ ಬಂದಿತ್ತು, ಹೊರಡುವ ಗಡಿಬಿಡಿ. ಅವರು ಬರೆದದ್ದು ನಾಲ್ಕು ಸಾಲು. ‘ಪ್ರಾಣದ ಹಂಗು ತೊರೆದು, ಅದಮ್ಯ ಧೈರ್ಯದಿಂದ, ಸೇನೆಯ ಉನ್ನತ ಪರಂಪರೆಗೆ ತಕ್ಕಂತೆ ಕೆಲಸ ಮಾಡಿದ್ದಾನೆ.’ ಇಷ್ಟೇ. ಒಬ್ಬನಿಗೆ ಪದಕ ಬಂತು. ಇನ್ನೊಬ್ಬನ ಕಾಗದ ಬ್ರಿಗೇಡ್ ಕೂಡ ದಾಟಲಿಲ್ಲ.

ಎರಡನ್ನೂ ಟೈಪ್ ಮಾಡಿದವನು ನಾನೇ. ಆ ಎರಡನೇ ಕಾಗದವನ್ನು ವಾಪಸ್ ತಗೊಂಡು ಹೋಗಿ, ‘ಸರ್, ಇನ್ನೂ ಸ್ವಲ್ಪ ಬರೀರಿ’ ಅನ್ನಬಹುದಿತ್ತು. ನನಗೆ ಆ ರಾತ್ರಿಯ ವಿಷಯ ಗೊತ್ತಿತ್ತು. ಆ ಹುಡುಗನನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬಹುದಿತ್ತು. ಮಾಡಲಿಲ್ಲ. ಆಗ ನಾನು ಹವಾಲ್ದಾರ್, ಸಾಹೇಬರಿಗೆ ಹೇಗೆ ಹೇಳುವುದು ಅಂತ ಸುಮ್ಮನಾದೆ. ಈಗಲೂ ಜೋರು ಮಳೆ ಬಂದ ರಾತ್ರಿ ಅದು ನೆನಪಾಗುತ್ತದೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ನನ್ನ ಮೇಜಿಗೆ ಬಂದ ಪ್ರತಿ ಸೈಟೇಶನ್‌ನಲ್ಲಿ ಹೊಗಳಿಕೆಯ ಮಾತುಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಿದ್ದೆ. ಅಪ್ರತಿಮ, ಅಸಾಧಾರಣ, ನಿಸ್ವಾರ್ಥ. ಇಂಥವು ಜಾಸ್ತಿ ಇದ್ದು, ‘ಎಳೆದ’, ‘ಹೊತ್ತ’, ‘ಕತ್ತರಿಸಿದ’, ‘ಮೂರು ಗಂಟೆ ಕಾದ’ ಇಂಥವು ಕಡಿಮೆ ಇದ್ದರೆ ಆ ಕಾಗದ ಮೇಲೆ ಹೋಗಿ ಸಾಯುತ್ತದೆ ಅಂತ ನನಗೆ ಗೊತ್ತಾಗಿಬಿಟ್ಟಿತ್ತು. ಕೆಲವು ಅಧಿಕಾರಿಗಳು ಬೇಜಾರು ಮಾಡಿಕೊಂಡರು. ಹೆಚ್ಚಿನವರು ಕೂತು ಮತ್ತೆ ಬರೆದರು.

ಬರೆದ ಒಂದು ಚೀಟಿಗೆ ಎಷ್ಟು ಶಕ್ತಿ ಇದೆ ಅಂತ ಕಾರ್ಗಿಲ್‌ನ ಒಂದು ಘಟನೆ ಹೇಳುತ್ತದೆ. 1999ರಲ್ಲಿ ಟೈಗರ್ ಹಿಲ್ ಮೇಲೆ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ದರ್ಜೆ ಕ್ಯಾಪ್ಟನ್, ಕರ್ನಲ್ ಅನ್ನುವುದು ಹೆಸರಿನದೇ ಭಾಗ) ಕೊನೆಯವರೆಗೂ ಹೋರಾಡಿ ಸತ್ತರು. ನಮ್ಮ ಕಡೆಯ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅದನ್ನು ಗಮನಿಸಿದ್ದರು. ದೇಹ ಹಿಂದಿರುಗಿಸುವಾಗ, ಈ ಅಧಿಕಾರಿ ತುಂಬ ಧೈರ್ಯವಾಗಿ ಹೋರಾಡಿದ್ದಾರೆ, ಇವರಿಗೆ ಗೌರವ ಸಲ್ಲಬೇಕು ಅಂತ ಒಂದು ಚೀಟಿ ಬರೆದು ಜೇಬಿನಲ್ಲಿ ಇಟ್ಟು ಕಳಿಸಿದರು. ಶೇರ್ ಖಾನ್ ಅವರಿಗೆ ಪಾಕಿಸ್ತಾನದ ಅತ್ಯುನ್ನತ ಪದಕ ನಿಶಾನ್ ಎ ಹೈದರ್ ಬಂತು. ನೋಡಿ, ಶತ್ರು ಕಣ್ಣಾರೆ ಕಂಡು ಬರೆದ. ಎದುರು ನಿಂತವನಿಗಿಂತ ಚೆನ್ನಾಗಿ ಕಂಡವರು ಇನ್ಯಾರು ಇರುತ್ತಾರೆ?

ಯಾರೂ ಕಾಣದೇ ಹೋದರೆ? ಅದಕ್ಕೆ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ವಿಷಯ ಹೇಳಲೇಬೇಕು. ಮಡಿಕೇರಿಗೆ ಹೋದವರು ಅವರ ಹೆಸರಿನ ವೃತ್ತ ದಾಟಿರುತ್ತೀರಿ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ವಾಯುಪಡೆಯ ದಾಳಿ. ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೀರ್ ವಿಮಾನಗಳು ಆದಂಪುರದಿಂದ ಹೊರಟವು. ಹನ್ನೆರಡು ವಿಮಾನ ಹೋಗಬೇಕಿತ್ತು. ದೇವಯ್ಯ ಅವರದು ಸ್ಟ್ಯಾಂಡ್‌ಬೈ, ಅಂದರೆ ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗುವ ಪಾಳಿ. ಒಂದು ವಿಮಾನ ಹಿಂದೆ ಉಳಿಯಿತು, ಇವರು ಸೇರಿಕೊಂಡರು. ವಾಪಸ್ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಅಡ್ಡ ಬಂತು. ಆ ಕಾಲಕ್ಕೆ ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ ವಿಮಾನ. ಮಿಸ್ಟೀರ್ ಅದರ ಮುಂದೆ ಹಳೆಯದು, ನಿಧಾನದ್ದು. ದೇವಯ್ಯ ಅವರ ವಿಮಾನಕ್ಕೆ ಏಟು ಬಿತ್ತು. ಆದರೂ ಅವರು ತಿರುಗಿ ನಿಂತು ಹೋರಾಡಿ ಆ ಸ್ಟಾರ್‌ಫೈಟರ್ ಅನ್ನು ಉರುಳಿಸಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಬರಲಿಲ್ಲ.

ಜೊತೆಯಲ್ಲಿ ಹೋಗಿದ್ದವರಿಗೆ ಇದು ಯಾವುದೂ ಕಾಣಲಿಲ್ಲ. ದೇವಯ್ಯ ಲೆಕ್ಕಕ್ಕೆ ಸಿಕ್ಕಿದ್ದು ‘ಕಾಣೆಯಾದವರು’ ಅಂತ. ಸಾಕ್ಷಿ ಇಲ್ಲ, ಹಾಗಾಗಿ ಸೈಟೇಶನ್ ಇಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಕಥೆ ಬರೆದಾಗ ಈ ಕಾಳಗದ ವಿವರ ಹೊರಗೆ ಬಂತು. ಅವತ್ತಿನ ದಾಳಿಯ ನಾಯಕತ್ವ ವಹಿಸಿದ್ದ ತನೇಜಾ ಅವರು ಇದನ್ನು ಇಲ್ಲಿಯವರ ಗಮನಕ್ಕೆ ತಂದು ಬೆನ್ನು ಬಿದ್ದರು. 1988ರಲ್ಲಿ ದೇವಯ್ಯ ಅವರಿಗೆ ಮಹಾವೀರ ಚಕ್ರ ಘೋಷಣೆ ಆಯಿತು. 23 ವರ್ಷ! ಪದಕ ಪತ್ನಿಯ ಕೈಗೆ ಬಂತು. ಆ ಇಪ್ಪತ್ತಮೂರು ವರ್ಷ ಆ ಮನೆಯವರು ‘ಕಾಣೆಯಾದರು’ ಅನ್ನುವ ಒಂದೇ ಮಾತನ್ನು ಇಟ್ಟುಕೊಂಡು ಬದುಕಿದರು. ಕಾಣೆಯಾದರು ಅನ್ನುವುದಕ್ಕೂ, ಹೋರಾಡಿ ಹೋದರು ಅನ್ನುವುದಕ್ಕೂ ಎಷ್ಟು ದೂರ ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ.

ಚೀನಾ ಯುದ್ಧದಲ್ಲಿ, ಲಡಾಖ್‌ನ ರೆಜಾಂಗ್ ಲಾದಲ್ಲಿ ಸಾಕ್ಷಿಗಳು ಇದ್ದರು, ಆದರೆ ಅವರ ಮಾತು ನಂಬಲಿಲ್ಲ. 1962ರ ನವೆಂಬರ್ 18. 13 ಕುಮಾವು ಪಲ್ಟನ್ನಿನ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗ್. ನೂರಕ್ಕೂ ಹೆಚ್ಚು ಜನ ಆ ಗುಡ್ಡದ ಮೇಲೆ ಸತ್ತರು. ಬದುಕಿ ಬಂದ ಕೆಲವರು, ಕೊನೆಯ ಗುಂಡಿನವರೆಗೂ ಹೋರಾಡಿದೆವು ಅಂದರೆ ಕೇಳಿದವರಿಗೆ ಅನುಮಾನ. ಮುಂದಿನ ವರ್ಷ ಹಿಮ ಕರಗುವ ಹೊತ್ತಿಗೆ ಅಲ್ಲಿಗೆ ಹೋದ ಕುರಿಗಾಹಿಯೊಬ್ಬ ಮೊದಲು ನೋಡಿದ. ಸತ್ತವರು ತಮ್ಮ ತಮ್ಮ ಟ್ರೆಂಚ್‌ಗಳಲ್ಲಿ ಬಂದೂಕು ಹಿಡಿದೇ ಹೆಪ್ಪುಗಟ್ಟಿದ್ದರು. ಆಗ ನಂಬಿದರು. ಬದುಕಿದ್ದ ಜವಾನನ ಮಾತಿಗಿಂತ ಸತ್ತವನ ಕೈಯ ಬಂದೂಕು ದೊಡ್ಡ ಸಾಕ್ಷಿ ಆಯಿತು. ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ಕಾಗದದ ತಪ್ಪುಗಳೂ ಇವೆ. ಅದೇ 1962ರಲ್ಲಿ ಸಿರಿಜಾಪ್‌ನಲ್ಲಿ ಹೋರಾಡಿದ ಮೇಜರ್ ಧನ್ ಸಿಂಗ್ ಥಾಪಾ ಅವರಿಗೆ ಪರಮವೀರ ಚಕ್ರವನ್ನು ಮರಣೋತ್ತರ ಅಂತ ಘೋಷಿಸಿದರು. ಅವರು ಚೀನಾದವರ ಸೆರೆಯಲ್ಲಿ ಬದುಕಿದ್ದರು. ಕಾರ್ಗಿಲ್‌ನಲ್ಲಿ 19 ವರ್ಷದ ಯೋಗೇಂದ್ರ ಸಿಂಗ್ ಯಾದವ್ ಅವರಿಗೂ ಹೀಗೇ ಆಯಿತು. ಸತ್ತಿದ್ದು ಅದೇ ಹೆಸರಿನ ಇನ್ನೊಬ್ಬ ಜವಾನ. ಇವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಪದಕದಲ್ಲೇ ಇಂಥ ತಪ್ಪು ಆಗುತ್ತದೆ ಅಂದರೆ ಚಿಕ್ಕ ಚಿಕ್ಕ ಪದಕಗಳ ಗತಿ ಏನು ಅಂತ ಯೋಚಿಸಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ? ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆ ಮದ್ದೂರು ಕಡೆಯದು, 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ಗಂಗರ ಬೂತುಗ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ನಾಯಿ ಆಮೇಲೆ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. 2022ರಲ್ಲಿ ಬಾರಾಮುಲ್ಲಾದಲ್ಲಿ ಗುಂಡೇಟಿಗೆ ಸತ್ತ ಆಕ್ಸೆಲ್ ಅನ್ನುವ ಸೇನೆಯ ನಾಯಿಗೆ ಆ ಸ್ವಾತಂತ್ರ್ಯ ದಿನದ ಪಟ್ಟಿಯಲ್ಲಿ ‘ಮೆನ್ಶನ್ ಇನ್ ಡಿಸ್ಪ್ಯಾಚಸ್’ ಗೌರವ ಬಂದಾಗ ನನಗೆ ಮೊದಲು ನೆನಪಾದದ್ದು ಕಾಳಿ.

ವೀರಗಲ್ಲು ನಮಗೆ ಹೊಸದಲ್ಲ. ಬೆಂಗಳೂರು ಅನ್ನುವ ಹೆಸರು ಮೊದಲು ಸಿಗುವುದೇ ಬೇಗೂರಿನ ಅಂಥ ಒಂದು ಕಲ್ಲಿನಲ್ಲಿ. ಸುಮಾರು 890ನೇ ಇಸವಿಯದು. ಬೆಂಗಳೂರು ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತ ಅಂತ ಅದರಲ್ಲಿ ಬರೆದಿದೆ. ನಮ್ಮ ಊರಿನ ಹೆಸರು ಉಳಿದದ್ದು ಒಬ್ಬ ಹೋರಾಡಿ ಸತ್ತವನ ಹೆಸರಿನ ಜೊತೆ. ಅವನು ರಾಜನಲ್ಲ. ಹಳೆಯ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಅಂತ ಒಂದು ಮಾತು ಬರುತ್ತದೆ. ನೆತ್ತರು ಸುರಿಸಿದವನ ಮನೆಯವರಿಗೆ ಕೊಡುವ ಭೂಮಿ. ಎಂಥ ಮಾತು ನೋಡಿ. ಆ ಪದದಲ್ಲಿ ಗೌರವವೂ ಇದೆ, ಅನ್ನವೂ ಇದೆ. ಈಗ ನಮ್ಮ ನಗರದ ಮಿಲಿಟರಿ ಸ್ಮಾರಕದಲ್ಲೂ 75 ಅಡಿಯ ಒಂದೇ ಕಲ್ಲಿನ ವೀರಗಲ್ಲು ನಿಲ್ಲಿಸಿದ್ದಾರೆ. ನೆಹರೂ ತಾರಾಲಯದ ಹತ್ತಿರ, ನೋಡಿರುತ್ತೀರಿ.

ಬೂತುಗನಿಗೂ ಮಣಲೇರನಿಗೂ ನಡುವೆ ಒಂಬತ್ತು ಮೇಜು ಇರಲಿಲ್ಲ. ಯುದ್ಧ ಮಾಡಿದ್ದನ್ನು ಅವನೇ ಕಂಡ, ಅವನೇ ಮೆಚ್ಚಿದ, ಅವನೇ ಕೊಟ್ಟ. ಇವತ್ತಿನ ಸೇನೆಯಲ್ಲಿ ಅದು ಆಗದು, ಒಪ್ಪುತ್ತೇನೆ. ಮೇಜುಗಳು ಬೇಕು. ಇಲ್ಲದಿದ್ದರೆ ಸಿ.ಓ.ಗೆ ಬೇಕಾದವರಿಗೆಲ್ಲ ಪದಕ ಬಂದುಬಿಡುತ್ತದೆ. ಆದರೆ ಕಂಡವನ ಕಣ್ಣು ಆ ಕಾಗದದ ಜೊತೆ ಕೊನೆಯ ಮೇಜಿನವರೆಗೂ ಹೋಗಬೇಕು.

ಕೊಡುವ ಅನ್ನದ ವಿಷಯ ಬಂತು. ಇಲ್ಲಿ ಒಂದು ಗಂಟು ಇದೆ. ಯುದ್ಧದಲ್ಲಿ, ಶತ್ರುವಿನ ಎದುರು ತೋರಿಸಿದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರ. 1950ರ ಜನವರಿ 26ರಂದು ಶುರುವಾದವು, 1947ರ ಆಗಸ್ಟ್ 15ರಿಂದಲೇ ಅನ್ವಯಿಸಿದವು. ಶತ್ರು ದೇಶದ ಎದುರು ಅಲ್ಲದ ಶೌರ್ಯಕ್ಕೆ 1952ರಲ್ಲಿ ಅಶೋಕ ಚಕ್ರ ಬಂತು. ಮೊದಲು ಅದಕ್ಕೆ ಒಂದನೇ ವರ್ಗ, ಎರಡನೇ ವರ್ಗ, ಮೂರನೇ ವರ್ಗ ಅಂತಲೇ ಹೆಸರು. ಧೈರ್ಯಕ್ಕೆ ರೈಲಿನ ಹಾಗೆ ವರ್ಗ ಹಚ್ಚುವುದು ಸರಿಯಲ್ಲ ಅನ್ನಿಸಿತೋ ಏನೋ, 1967ರಲ್ಲಿ ಅಶೋಕ, ಕೀರ್ತಿ, ಶೌರ್ಯ ಅಂತ ಮಾಡಿದರು. 2017ರಲ್ಲಿ ತಿಂಗಳ ಭತ್ಯೆಯನ್ನು ದುಪ್ಪಟ್ಟು ಮಾಡಿದಾಗ ಪರಮವೀರ ಚಕ್ರಕ್ಕೆ 20,000 ರೂಪಾಯಿ, ಅಶೋಕ ಚಕ್ರಕ್ಕೆ 12,000 ರೂಪಾಯಿ ಆಯಿತು.

ನಮ್ಮ ಬೆಂಗಳೂರಿನ ಇಬ್ಬರನ್ನು ನೆನೆಸಿಕೊಳ್ಳಿ. ಕರ್ನಲ್ ವಸಂತ್ ವೇಣುಗೋಪಾಲ್, 9 ಮರಾಠಾ ಲೈಟ್ ಇನ್‌ಫೆಂಟ್ರಿಯ ಸಿ.ಓ. 2007ರ ಜುಲೈ 31ರಂದು ಕಾಶ್ಮೀರದ ಉರಿಯಲ್ಲಿ ನುಸುಳುಕೋರರ ಜೊತೆ ಹೋರಾಡಿ ಮಡಿದರು. ಸಿ.ಓ. ಆಗಿದ್ದವರು ಹುಡುಗರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲಲಿಲ್ಲ. ಮೇಜರ್ ಸಂದೀಪ್ ಉನ್ನಿಕೃಷ್ಣನ್, 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲ್‌ನಲ್ಲಿ. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಲ್ಲಿ ನಾವು ಓಡಾಡುತ್ತೇವೆ. ಇಬ್ಬರಿಗೂ ಅಶೋಕ ಚಕ್ರ. ನಿಯಮದ ಪ್ರಕಾರ ಅದು ಶಾಂತಿಕಾಲದ ಪದಕ. ಆ ಮೆಟ್ಟಿಲುಗಳ ಮೇಲೆ ಶಾಂತಿ ಎಲ್ಲಿತ್ತು? ಎರಡು ಪದಕಕ್ಕೆ ಎರಡು ಹೆಸರು ಇರಲಿ, ಇತಿಹಾಸಕ್ಕೆ ಅದು ಬೇಕು. ಭತ್ಯೆಯಲ್ಲಿ ವ್ಯತ್ಯಾಸ ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಜೊತೆಗೆ ರಾಜ್ಯ ಸರ್ಕಾರಗಳು ಕೊಡುವ ಹಣ ಒಂದೊಂದು ಕಡೆ ಒಂದೊಂದು ಥರ. ಒಂದೇ ಬಂಕರ್‌ನಲ್ಲಿ ಇದ್ದ ಇಬ್ಬರಿಗೆ ಒಂದೇ ಪದಕ ಬಂದರೂ, ಯಾವ ರಾಜ್ಯದಲ್ಲಿ ಹುಟ್ಟಿದರು ಅನ್ನುವುದರ ಮೇಲೆ ಕೈಗೆ ಬರುವ ಹಣ ಬದಲಾಗುತ್ತದೆ. ಇದನ್ನು ಸರಿ ಮಾಡುವುದು ಕಷ್ಟದ ಕೆಲಸ ಏನಲ್ಲ.

ಈಗ ದರ್ಜೆಯ ವಿಷಯ. ಶೌರ್ಯದ ಪದಕಗಳ ಬಗ್ಗೆ ನನಗೆ ಹೆಮ್ಮೆ ಇದೆ. ಈವರೆಗಿನ 21 ಪರಮವೀರ ಚಕ್ರಗಳಲ್ಲಿ 9 ಅಧಿಕಾರಿಗಳಲ್ಲದವರಿಗೆ ಬಂದಿವೆ. ನಾಯಕ್, ಲ್ಯಾನ್ಸ್ ನಾಯಕ್, ರೈಫಲ್‌ಮನ್, ಸುಬೇದಾರ್. ಗುಂಡಿನ ಎದುರು ದರ್ಜೆ ನೋಡಲಿಲ್ಲ ಅನ್ನುವುದಕ್ಕೆ ಇದು ಸಾಕ್ಷಿ. ಇನ್ನೊಂದು ಮಾತು. ನಮ್ಮ ಕಾರವಾರ ಹತ್ತಿರದ ಚೆಂಡಿಯಾದ ರಾಮ ರಾಘೋಬ ರಾಣೆ ಅವರಿಗೆ ಪರಮವೀರ ಚಕ್ರ ಬಂದದ್ದು 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿ ಕಡೆಯ ದಾರಿಯಲ್ಲಿ ಮೈನ್ ತೆಗೆದು, ಅಡ್ಡ ಕೆಡವಿದ್ದ ಮರ ಸರಿಸಿ, ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟಿದ್ದಕ್ಕೆ. ಗಾಯ ಆಗಿತ್ತು, ಆದರೂ ದಿನಗಟ್ಟಲೆ ಗುಂಡು ಮೋರ್ಟಾರ್‌ಗಳ ನಡುವೆ ಕೆಲಸ ಮಾಡಿದರು. ಅವರು ಎಷ್ಟು ಜನರನ್ನು ಕೊಂದರು ಅಂತ ಯಾರೂ ಕೇಳಲಿಲ್ಲ. ದಾರಿ ಆಯಿತಾ ಅಂತ ಕೇಳಿದರು. ಹಲಸೂರಿನ ಆ ಹುಡುಗರಿಗೆ ಯಾರಾದರೂ ಈ ಕಥೆ ಹೇಳಿರಲಿ ಅಂತ ನನ್ನ ಆಸೆ.

ಕೊಂದವರ ಲೆಕ್ಕವೇ ಅಳತೆ ಆದರೆ ಏನಾಗುತ್ತದೆ ಅಂತಲೂ ನಾವು ಕಂಡಿದ್ದೇವೆ. 2003ರಲ್ಲಿ ಅಸ್ಸಾಂನಲ್ಲಿ ಟೊಮೆಟೊ ಕೆಚಪ್ ಹಚ್ಚಿ ಸತ್ತವರ ಹಾಗೆ ಮಲಗಿಸಿ ಫೋಟೊ ತೆಗೆದ ಪ್ರಕರಣ ಹೊರಗೆ ಬಂತು, ಕೋರ್ಟ್ ಮಾರ್ಷಲ್ ಆಯಿತು. ಇಷ್ಟು ತಲೆ ತಂದರೆ ಇಷ್ಟು ಹೆಸರು ಅನ್ನುವ ಗಾಳಿ ಬೀಸಿದರೆ ಒಳ್ಳೆಯ ಮನುಷ್ಯರೂ ಕೆಡುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ಶೌರ್ಯದಿಂದ ಸೇವೆಯ ಪದಕಗಳಿಗೆ ಬಂದರೆ ಚಿತ್ರ ಬೇರೆ. ಪರಮ ವಿಶಿಷ್ಟ ಸೇವಾ ಪದಕ, ಅತಿ ವಿಶಿಷ್ಟ ಸೇವಾ ಪದಕ, ವಿಶಿಷ್ಟ ಸೇವಾ ಪದಕ. ನಿಯಮದಲ್ಲಿ ಎಲ್ಲ ದರ್ಜೆಯವರೂ ಅರ್ಹರು. ಮುಂದಿನ ಜನವರಿ 26ರ ಪತ್ರಿಕೆ ತೆಗೆದು ಪರಮ ವಿಶಿಷ್ಟದ ಪಟ್ಟಿ ನೋಡಿ. ಲೆಫ್ಟಿನೆಂಟ್ ಜನರಲ್, ವೈಸ್ ಅಡ್ಮಿರಲ್, ಏರ್ ಮಾರ್ಷಲ್. ಅವರು ಅರ್ಹರಲ್ಲ ಅಂತ ನಾನು ಹೇಳುತ್ತಿಲ್ಲ. ಸಾವಿರಾರು ಜನರ ಹೊಣೆ ಹೊತ್ತವರು ಅವರು. ಆದರೆ 28 ವರ್ಷ ಒಂದೇ ಒಂದು ಗಾಡಿ ದಾರಿಯಲ್ಲಿ ನಿಲ್ಲದ ಹಾಗೆ ನೋಡಿಕೊಂಡ ಸುಬೇದಾರ್ ಮೇಜರ್‌ನ ಸೇವೆ ವಿಶಿಷ್ಟ ಅಲ್ವಾ? ಅವನಿಗೆ ಸಿಗುವುದು 9 ವರ್ಷದ, 20 ವರ್ಷದ, 30 ವರ್ಷದ ದೀರ್ಘ ಸೇವಾ ಪದಕ. ಅದು ಕ್ಯಾಲೆಂಡರ್ ಕೊಡುವ ಪದಕ. ಅದೃಷ್ಟ ಇದ್ದರೆ ಕೊನೆಗೆ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಅನ್ನುವ ಗೌರವ. ಅದು ದೊಡ್ಡದೇ, ಮನೆಯಲ್ಲಿ ಹಬ್ಬವೇ ಆಗುತ್ತದೆ. ಆದರೆ ತುಂಬ ಕೊನೆಯಲ್ಲಿ ಬರುತ್ತದೆ.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. 2019ರ ಫೆಬ್ರವರಿ 27ರಂದು ಆಕಾಶದಲ್ಲಿ ಕಾಳಗ ನಡೆದಾಗ ಕೆಳಗೆ ರಡಾರ್ ಪರದೆಯ ಮುಂದೆ ಕೂತು ನಮ್ಮ ಪೈಲಟ್‌ಗಳಿಗೆ ದಾರಿ ಹೇಳಿದವರು ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರ್‌ವಾಲ್. ಅವರಿಗೆ ಯುದ್ಧ ಸೇವಾ ಪದಕ ಬಂತು, ಮಹಿಳೆಯೊಬ್ಬರಿಗೆ ಅದು ಮೊದಲ ಸಲ. ಕೂತು ಮಾಡಿದ ಕೆಲಸವನ್ನೂ ಯಾರೋ ಸರಿಯಾಗಿ ಬರೆದರು ಅಂತ ನನಗೆ ತುಂಬ ಸಂತೋಷ ಆಯಿತು.

ಈಗ ನನ್ನದೇ ಒಂದು ವಿಷಯ. ನನ್ನ ಹತ್ತಿರ ಒಂದು ಕಮೆಂಡೇಶನ್ ಕಾರ್ಡ್, ಅಂದರೆ ಸೇನೆ ಕೊಡುವ ಮೆಚ್ಚುಗೆಯ ಕಾರ್ಡ್, ಇದೆ. ಆ ವರ್ಷ ನಮ್ಮ ಯೂನಿಟ್‌ನ ಪಾಲಿಗೆ ಒಂದೇ ಕಾರ್ಡ್ ಬಂದಿತ್ತು. ನಾವು ಎತ್ತರದ ಜಾಗದಲ್ಲಿ ಇದ್ದೆವು. ಚಳಿಗಾಲದಲ್ಲಿ ಮೇಲಿನ ಪೋಸ್ಟಿನ ಜನರೇಟರ್ ನಿಂತುಹೋಯಿತು. ಒಬ್ಬ ಹವಾಲ್ದಾರ್ ಮೆಕ್ಯಾನಿಕ್, ಗದಗ ಕಡೆಯವನು, ರಾತ್ರಿಯಲ್ಲೇ ಹತ್ತಿಹೋಗಿ, ಗ್ಲೌಸ್ ತೆಗೆದು ಬರಿಗೈಯಲ್ಲಿ ಅದನ್ನು ಬಿಚ್ಚಿ ಸರಿಮಾಡಿದ. ಗ್ಲೌಸ್ ಹಾಕಿಕೊಂಡು ಆ ಚಿಕ್ಕ ಚಿಕ್ಕ ಸ್ಕ್ರೂ ಹಿಡಿಯಲು ಆಗುವುದಿಲ್ಲ. ಎರಡು ಬೆರಳಿನ ತುದಿ ಹೋಯಿತು. ಆ ರಾತ್ರಿ ಹೀಟರ್ ಇಲ್ಲದಿದ್ದರೆ ಅಲ್ಲಿದ್ದ ಹುಡುಗರು ಏನಾಗುತ್ತಿದ್ದರೋ. ಅದೇ ವರ್ಷ ನಾನು ಇನ್‌ಸ್ಪೆಕ್ಷನ್‌ಗೆ ಫೈಲುಗಳನ್ನು ಚೆನ್ನಾಗಿ ಜೋಡಿಸಿದ್ದೆ. ದಿನಾ ಸಾಹೇಬರ ಕಣ್ಣಿಗೆ ಬೀಳುತ್ತಿದ್ದವನು ನಾನು. ಕಾರ್ಡ್ ನನಗೆ ಬಂತು. ಸೈಟೇಶನ್ ಬರೆದ ಅಧಿಕಾರಿ ಕೆಟ್ಟವರೇನಲ್ಲ. ಅವರಿಗೆ ನಾನು ಕಾಣುತ್ತಿದ್ದೆ, ಅವನು ಕಾಣುತ್ತಿರಲಿಲ್ಲ. ಯಾವ ಯೂನಿಟ್‌ನಲ್ಲಾದರೂ ಕೇಳಿ. ಕಚೇರಿಗೆ ಹತ್ತಿರ ಇರುವವರಿಗೆ ಕಾರ್ಡ್ ಬೇಗ ಬರುತ್ತದೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನನ್ನ ಅನುಭವದಲ್ಲಿ ಕೆಲಸ ಮಾಡಿದ್ದನ್ನು ಹೇಳುತ್ತೇನೆ. ಕೊನೆಯ ಕೆಲವು ವರ್ಷ ನಮ್ಮಲ್ಲಿ ಬಂದ ಒಬ್ಬ ಸಿ.ಓ. ಒಂದು ಪದ್ಧತಿ ಹಾಕಿದರು. ಪ್ರತಿ ಸೆಕ್ಷನ್‌ನ ಹವಾಲ್ದಾರ್, ತಿಂಗಳಿಗೊಮ್ಮೆ, ತನ್ನ ಹುಡುಗರಲ್ಲಿ ಯಾರು ಏನು ಮಾಡಿದರು ಅಂತ ಹೇಳಬೇಕು. ಬರೆಯಲು ಬಾರದಿದ್ದರೆ ತನ್ನ ಭಾಷೆಯಲ್ಲಿ ಹೇಳಲಿ, ನಾನು ಬರೆದುಕೊಳ್ಳುತ್ತಿದ್ದೆ. ತಾರೀಕು, ಜಾಗ, ಕೆಲಸ. ಹೊಗಳಿಕೆ ಬೇಡ. ಕನ್ನಡದವರು ಕನ್ನಡದಲ್ಲಿ, ತಮಿಳರು ತಮಿಳಿನಲ್ಲಿ. ಆರು ತಿಂಗಳಿಗೆ ಹೆಸರು ಕಳಿಸುವ ಹೊತ್ತು ಬಂದಾಗ ಆ ಪುಸ್ತಕ ತೆಗೆದರೆ ನಮಗೆ ಗೊತ್ತೇ ಇಲ್ಲದ ಹೆಸರುಗಳು ಸಿಗುತ್ತಿದ್ದವು. ಲಂಗರ್‌ನ ಅಡುಗೆಯವನು, ಹೇಸರಗತ್ತೆ ನೋಡಿಕೊಳ್ಳುವವನು, ನರ್ಸಿಂಗ್ ಅಸಿಸ್ಟೆಂಟ್. ಕಾಗದ ತಿರಸ್ಕೃತ ಆದರೆ ಯಾಕೆ ಅಂತ ಸಿ.ಓ. ಮೇಲಿನವರನ್ನು ಕೇಳುತ್ತಿದ್ದರು. ಉತ್ತರ ಬಂದರೆ ಮುಂದಿನ ಸಲ ಚೆನ್ನಾಗಿ ಬರೆಯುತ್ತಿದ್ದೆವು.

ಹಿಂದಕ್ಕೆ ಹೋಗಿ ನೋಡುವ ಬಾಗಿಲೂ ಬೇಕು. ಎರಡನೇ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಜನ ಅಮೆರಿಕದ ಪಡೆಗಳಲ್ಲಿ ಇದ್ದರು. ಯುದ್ಧ ಮುಗಿದಾಗ ಅವರಲ್ಲಿ ಒಬ್ಬರಿಗೂ ಅತ್ಯುನ್ನತ ‘ಮೆಡಲ್ ಆಫ್ ಆನರ್’ ಬಂದಿರಲಿಲ್ಲ. 1990ರ ದಶಕದಲ್ಲಿ ಸೇನೆಯೇ ಹಳೆಯ ದಾಖಲೆ ತೆಗೆಸಿ ನೋಡಿತು. 1997ರ ಜನವರಿಯಲ್ಲಿ ಏಳು ಜನರಿಗೆ ಪದಕ ಕೊಟ್ಟರು. ಆ ಏಳರಲ್ಲಿ ಬದುಕಿದ್ದವರು ಒಬ್ಬರೇ, ವೆರ್ನನ್ ಬೇಕರ್. ಆಮೇಲೆ 2000ದಲ್ಲಿ ಏಷ್ಯಾ ಮೂಲದವರ ದಾಖಲೆ ನೋಡಿ 22 ಜನರಿಗೆ, 2014ರಲ್ಲಿ ಇನ್ನೂ 24 ಜನರಿಗೆ. ತಡವಾಯಿತು, ಆದರೆ ಬಾಗಿಲು ತೆರೆದರು. ನಮ್ಮಲ್ಲಿ ದೇವಯ್ಯ ಅವರ ವಿಷಯದಲ್ಲಿ ಅಂಥ ಬಾಗಿಲು ತೆರೆದದ್ದು ಒಬ್ಬ ವಿದೇಶಿ ಬರೆದ ಪುಸ್ತಕದ ಪುಣ್ಯದಿಂದ.

ಸೇನೆಯವರ ದೂರು ಕೇಳಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆಯಲ್ಲ ಅಂತ ಇಲ್ಲಿ ಒಬ್ಬರು ಕೇಳಿದರು. ಇದೆ, 2009ರಿಂದ ಕೆಲಸ ಮಾಡುತ್ತಿದೆ. 2010ರಲ್ಲಿ ಕಾರ್ಗಿಲ್‌ನ ಬಟಾಲಿಕ್ ಕಡೆ 70ನೇ ಬ್ರಿಗೇಡ್ ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ಬಗ್ಗೆ ಮೇಲಧಿಕಾರಿ ಬರೆದದ್ದು ಪಕ್ಷಪಾತದ್ದು ಅಂತ ಹೇಳಿ, ಯುದ್ಧದ ವರದಿಯನ್ನು ತಿದ್ದಲು ಹೇಳಿತು. ಆದರೆ ಯುದ್ಧ ಮುಗಿದು ಹನ್ನೊಂದು ವರ್ಷ ಆಗಿತ್ತು. ಬ್ರಿಗೇಡಿಯರ್ ಆದವರು ವಕೀಲರನ್ನು ಇಟ್ಟುಕೊಂಡು ಹೋರಾಡಬಲ್ಲರು. ನಮ್ಮ ದೋಣಿಯ ಹುಡುಗ ಯಾವ ನ್ಯಾಯಮಂಡಳಿಗೆ ಹೋಗುತ್ತಾನೆ? ತನ್ನ ಹೆಸರಿನಲ್ಲಿ ಒಂದು ಕಾಗದ ಹೋಗಿತ್ತು, ಅದು ಬ್ರಿಗೇಡ್‌ನಲ್ಲಿ ನಿಂತಿತು ಅನ್ನುವುದೇ ಅವನಿಗೆ ಗೊತ್ತಿಲ್ಲ.

ಆ ಮೆಕ್ಯಾನಿಕ್ ವಿಷಯ ಮುಗಿಸುತ್ತೇನೆ. ನಾನು ಹೇಳಿದೆನಲ್ಲ, ಪುಸ್ತಕ ಇಡಿಸಿದ ಸಿ.ಓ., ಅವರಿಗೆ ನಾನೇ ಆ ಹಳೆಯ ರಾತ್ರಿಯ ಕಥೆ ಹೇಳಿದೆ. ಪದಕಕ್ಕೆ ಕಳಿಸುವ ಕಾಲ ಮೀರಿತ್ತು. ಅವರು ಸೈನಿಕ ಸಮ್ಮೇಳನದಲ್ಲಿ, ಇಡೀ ಯೂನಿಟ್ ಕೂತಿರುವಾಗ, ಅವನನ್ನು ಎಬ್ಬಿಸಿ ನಿಲ್ಲಿಸಿ ಆ ರಾತ್ರಿ ಏನಾಯಿತು ಅಂತ ಹತ್ತು ನಿಮಿಷ ಹೇಳಿದರು. ಅವನು ನೆಲ ನೋಡುತ್ತ ನಿಂತಿದ್ದ.

ಹೋದ ವರ್ಷ ಗದಗಕ್ಕೆ ಹೋದಾಗ ಅವನ ಮನೆಗೆ ಹೋಗಿದ್ದೆ. ರೊಟ್ಟಿ ಊಟ ಮಾಡಿದೆವು. ಅವನು ಎಮ್ಮೆ ಕಟ್ಟಲು ಹೊರಗೆ ಹೋದಾಗ ಕಾಲೇಜಿಗೆ ಹೋಗುವ ಮಗಳು ಬಂದು ಕೂತಳು. ‘ಅಂಕಲ್, ಅಪ್ಪನ ಬೆರಳಿಗೆ ಏನಾಯ್ತು? ಕೇಳಿದ್ರ ಮಶೀನ್‌ಗೆ ಸಿಕ್ತು ಅಂತಾರ’ ಅಂದಳು. ನಾನು ಮೊದಲಿಂದ ಹೇಳಿದೆ. ಎಷ್ಟು ಗಂಟೆಗೆ ಹೊರಟ, ಎಷ್ಟು ಚಳಿ ಇತ್ತು, ಮೇಲೆ ಎಷ್ಟು ಜನ ಇದ್ದರು, ಯಾವ ಸ್ಕ್ರೂ ಹಿಡಿಯಲು ಗ್ಲೌಸ್ ತೆಗೆದ. ಅರ್ಧಕ್ಕೇ ಅವಳು ಎದ್ದು ಹೋಗಿ ನೋಟ್‌ಬುಕ್ ತಂದಳು. ಮತ್ತೆ ಮೊದಲಿಂದ ಹೇಳಿ ಅಂದಳು. ತಾರೀಕು ಕೇಳಿದಳು. ಹೇಳಿದೆ, ಬರೆದುಕೊಂಡಳು.